ಬದಲಾದರೆ ಮಾತ್ರ ಹೇಳು

ಭೂಮಿಯ ಹೊಟ್ಟೆಯೊಳಗೆ ಕೆಲಸ ಮಾಡುವ ಗಂಡಸಿನ ಉಸಿರು, ಮೇಲೆ ಅವನ ಮನೆಯ ಅಡುಗೆ ಕಟ್ಟೆಯ ಮೇಲೆ ದೀಪವಾಗಿ ಉರಿದರೆ ಹೇಗಿರುತ್ತದೆ? ಯಾರೋ ದೊಡ್ಡವರು ಎಲ್ಲೋ ತಣ್ಣಗೆ ಕುಳಿತು ಹೀಗೊಂದು ಯೋಚನೆ ಮಾಡಿದರು. ಮಾಡಲಿ, ಬೇಡ ಅನ್ನುವವರು ಯಾರು? ಆದರೆ ಅದನ್ನು ತಂದು ಮೊದಲು ನಮ್ಮ ಕೆಂಗುಡ್ಡದ ತಾಮ್ರದ ಗಣಿಗೇ ಹಾಕಬೇಕೆ? ಹಾಕಿದರು. ಕಾಲೊನಿಯ ಮನೆಮನೆಗೂ ಒಂದೊಂದು ಬ್ಯಾಟರಿ ದೀಪ ಹಂಚಿದರು. ಕೆಳಗೆ ಗಂಡ ಉಸಿರು ಎಳೆದರೆ ಮೇಲೆ ದೀಪ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು.

ನನ್ನ ಹೆಸರು ತಾಯಮ್ಮ. ಗಣಿಯ ಕಂಟ್ರೋಲ್ ರೂಮಿನಲ್ಲಿ ರೇಡಿಯೋ ಜಾಲ ನೋಡಿಕೊಳ್ಳುವ ಆಪರೇಟರ್. ಬಾಯಿ ಜೋರು ಎಂದು ಕಾಲೊನಿಗೆಲ್ಲ ಹೆಸರಾದವಳು. ಇರಲಿ ಬಿಡಿ, ಮೆತ್ತಗಿನ ಬಾಯಿ ಇಟ್ಟುಕೊಂಡು ಗಣಿಯಲ್ಲಿ ಬಾಳುವೆ ಮಾಡಲಾದೀತೆ?

ಜಾಲ ಎಂದರೆ ಮಾಯಾಮಂತ್ರವೇನಲ್ಲ. ರೇಡಿಯೋ ಅಲೆ ಬಯಲಿನಲ್ಲಿ ಊರಿಂದೂರಿಗೆ ಓಡುತ್ತದೆ, ಬಂಡೆಯೊಳಗೆ ಮಾತ್ರ ನಾಲ್ಕು ಹೆಜ್ಜೆಗೆ ಸುಸ್ತಾಗುತ್ತದೆ. ಅದಕ್ಕೇ ಸುರಂಗದ ಗೋಡೆಗಳ ಉದ್ದಕ್ಕೂ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗಳನ್ನು ಬಡಿದಿದ್ದರು. ಒಂದು ಪೆಟ್ಟಿಗೆ ತನ್ನ ಪಕ್ಕದ್ದಕ್ಕೆ ಹೇಳುತ್ತದೆ, ಅದು ತನ್ನ ಆಚೆಯದಕ್ಕೆ. ಹೀಗೆ ಕಿವಿಯಿಂದ ಕಿವಿಗೆ ದಾಟಿ ಸುದ್ದಿ ಮೇಲೆ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಮನುಷ್ಯನ ಎದೆ ಏರಿಳಿದರೆ ಅವನ ಸುತ್ತಲಿನ ಅಲೆಯೂ ಒಂದಿಷ್ಟು ಅಲುಗುತ್ತದೆ. ಹತ್ತಿರದ ಪೆಟ್ಟಿಗೆ ಆ ಅಲುಗಾಟವನ್ನು ಹಿಡಿದು, ಸೊಂಟಕ್ಕೆ ಕಟ್ಟಿದ ಬಿಲ್ಲೆಯಿಂದ ಇದು ಯಾರ ಎದೆ ಎಂದು ಗುರುತಿಸುತ್ತದೆ.

ಆದರೆ ಸುದ್ದಿ ಬರುವ ದಾರಿ ಇಕ್ಕಟ್ಟು, ಉಸಿರಾಡುವವರು ನೂರಾರು ಜನ. ಎಲ್ಲ ಪೆಟ್ಟಿಗೆಗಳೂ ಒಟ್ಟಿಗೆ ಬಾಯಿ ತೆರೆದರೆ ಸಂತೆಯ ಗದ್ದಲ, ಯಾರ ಮಾತೂ ಕೇಳಿಸುವುದಿಲ್ಲ. ಬ್ಯಾಟರಿಯೂ ಬೇಗ ಸಾಯುತ್ತದೆ. ಅದಕ್ಕೆ ಒಂದು ಕಟ್ಟಳೆ ಮಾಡಿದರು: ಬದಲಾದರೆ ಮಾತ್ರ ಹೇಳು. ಪ್ರತಿಯೊಬ್ಬನೂ ನಡೆಯುವಾಗ, ಭಾರ ಎತ್ತುವಾಗ, ಊಟಕ್ಕೆ ಕೂತಾಗ ಹೇಗೆ ಉಸಿರಾಡುತ್ತಾನೆ ಎಂಬ ಅಂದಾಜು ಪೆಟ್ಟಿಗೆಯಲ್ಲೂ ಇರುತ್ತದೆ, ಮೇಲಿನ ಕಂಪ್ಯೂಟರಿನಲ್ಲೂ ಇರುತ್ತದೆ. ಉಸಿರು ಆ ಅಂದಾಜಿನ ಪ್ರಕಾರ ನಡೆದಿದ್ದರೆ ಪೆಟ್ಟಿಗೆ ಸುಮ್ಮನಿರುತ್ತದೆ. ಅದು ಸುಮ್ಮನಿದ್ದರೆ ಕಂಪ್ಯೂಟರು ಎಲ್ಲ ನೆಟ್ಟಗಿದೆ ಎಂದುಕೊಂಡು, ತನ್ನ ಅಂದಾಜಿನಿಂದಲೇ ಮನೆಯ ದೀಪ ಉರಿಸುತ್ತದೆ.

ನಮ್ಮ ಎಂಜಿನಿಯರ್ ಪ್ರಹ್ಲಾದ ಇದನ್ನು ನನಗೆ ತಿಳಿಸಿ ಹೇಳಿದ ರೀತಿಯೇ ಬೇರೆ. "ಮನ್ಯಾಗ ಗಂಡ ದಿನಾ ಉಣ್ಣಲಿಕ್ಕೆ ಕೂತು ‘ಉಪ್ಪು ಸರಿ ಅದ’ ಅಂತಾನೇನ್ರಿ ತಾಯಮ್ಮ? ಉಪ್ಪು ಹೆಚ್ಚಾದಾಗ ಅಷ್ಟ ಬಾಯಿ ಬಿಡ್ತಾನ. ಇದೂ ಹಂಗ."

"ನನ್ನ ಗಂಡ ಎರಡೂ ಹೊತ್ತು ಬಾಯಿ ಬಿಡತಿದ್ದ, ಅದಕ್ಕ ಬಿಟ್ಟು ಬಂದೀನಿ" ಎಂದಿದ್ದೆ ನಾನು. ಇಬ್ಬರೂ ನಕ್ಕಿದ್ದೆವು.

ಇನ್ನೊಂದು ಕಟ್ಟಳೆಯೂ ಇತ್ತು. ಯಾವುದಾದರೂ ಪೆಟ್ಟಿಗೆ ಒಂದೇ ಸಮನೆ ವಟಗುಟ್ಟಿದರೆ ಅದು ಕೆಟ್ಟಿದೆ ಎಂದು ಕಂಪ್ಯೂಟರು ಅದರ ಮಾತು ಕೇಳುವುದನ್ನೇ ನಿಲ್ಲಿಸುತ್ತಿತ್ತು. ನೀರು ಹೊಕ್ಕ ಪೆಟ್ಟಿಗೆಗಳು ಹಾಗೆ ಮಾಡುತ್ತಿದ್ದವು. ನಾವು ಅವನ್ನು ಗಲಾಟೆ ಪೆಟ್ಟಿಗೆ ಎನ್ನುತ್ತಿದ್ದೆವು. ದಿನಕ್ಕೆ ಒಂದೇ ಸಲ, ಬೆಳಗಿನ ಪಾಳಿಗೆ ಮುಂಚೆ, ಪ್ರತಿ ಪೆಟ್ಟಿಗೆಯೂ ‘ಇದ್ದೇನೆ’ ಎಂದು ಹೇಳಿ, ನಾವು ಏನಾದರೂ ಹೇಳುವುದಿದ್ದರೆ ಕೇಳಿಸಿಕೊಳ್ಳುತ್ತಿತ್ತು. ಹಾಗೆ ಹೇಳದ ಪೆಟ್ಟಿಗೆ ಸತ್ತಿದೆ ಎಂದು ಕಂಪ್ಯೂಟರು ಅದರ ಅಂದಾಜು ನಿಲ್ಲಿಸಿ ದೀಪ ಆರಿಸುತ್ತಿತ್ತು. ಉಳಿದ ಹೊತ್ತು ನಮ್ಮ ಮಾತಿಗೆ ಅದರ ಕಿವಿ ಬಂದ್. ಅದೂ ಬ್ಯಾಟರಿ ಉಳಿಸಲಿಕ್ಕೇ.

ಕಾಲೊನಿಯವರು ದೀಪಕ್ಕೆ ಹೊಂದಿಕೊಂಡದ್ದು ನೋಡಬೇಕಿತ್ತು! ಮೊದಮೊದಲು ಹೆಂಗಸರು ಅದಕ್ಕೆ ಕುಂಕುಮ ಇಟ್ಟರು. ಆಮೇಲೆ ಅದರಿಂದಲೇ ಗಂಡಂದಿರ ಜಾತಕ ಓದತೊಡಗಿದರು. ಹುಲಿಗೆಮ್ಮ ಎಂಬ ನಮ್ಮ ಎದುರುಮನೆಯವಳು ದೀಪ ಒಮ್ಮೆ ಉದ್ದಕ್ಕೆ ಏರಿ ನಿಂತು ನಿಧಾನ ಇಳಿದರೆ ಸಾಕು, "ಬೀಡಿ ಎಳಿಯಾಕತ್ತಾನ ನೋಡು ಭಾಡ್ಯಾ, ಬರಲಿ ಮನಿಗೆ!" ಎಂದು ಅಂಗಳದಲ್ಲಿ ನಿಂತು ಕೂಗುತ್ತಿದ್ದಳು. ಪಾಪ, ಅವಳ ಗಂಡ ಮಾರೆಪ್ಪನಿಗೆ ಪಾತಾಳದಲ್ಲೂ ಒಂದು ದಮ್ಮು ಸುಖವಾಗಿ ಎಳೆಯುವ ಹಾಗಿರಲಿಲ್ಲ. ಸಿಟ್ಟು ಬಂದ ದಿನ ದೀಪದ ಮೇಲೆ ಬುಟ್ಟಿ ಬೋರಲು ಹಾಕುವವರಿದ್ದರು. ಹಾಕಿ, ಮತ್ತೆ ಐದು ನಿಮಿಷಕ್ಕೊಮ್ಮೆ ಬುಟ್ಟಿ ಎತ್ತಿ ನೋಡುವವರೂ ಅವರೇ.

ನಮ್ಮ ಮನೆಯ ದೀಪ ನನ್ನ ತಮ್ಮ ಅಮರೇಶನದು. ಅವನು, ಅವನ ಹೆಂಡತಿ ಸುಗೂರಮ್ಮ, ನಾನು, ಮೂವರೇ. ಅವ್ವ ಸತ್ತಾಗ ಅಮರೇಶ ಇನ್ನೂ ಚಡ್ಡಿ ಹಾಕುವ ಹುಡುಗ. ಸಾಕಿದವಳು ನಾನು. ಅವನಷ್ಟು ಪುಕ್ಕಲ ಇನ್ನೊಬ್ಬನನ್ನು ನಾನು ಕಂಡಿಲ್ಲ. ಕರೆಂಟು ಹೋದರೆ ನನ್ನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದ. ಅಂಥವನು ಗಣಿಗೇ ಸೇರಿದ. ಗೋಡೆಯ ಪೆಟ್ಟಿಗೆಗಳ ಬ್ಯಾಟರಿ ಬದಲಿಸುವ ಕೆಲಸ. ಬೇರೆ ಕೆಲಸ ಈ ಸೀಮೆಯಲ್ಲಿ ಎಲ್ಲಿದೆ?

ಮೀಸೆ ಬಂದರೂ ಅಂಜಿಕೆ ಹೋಗಲಿಲ್ಲ. ಗಣಿಗೆ ಇಳಿಸುವ ಲಿಫ್ಟಿನ ತೊಟ್ಟಿಲಿಗೆ ಕಾಲಿಟ್ಟ ಕ್ಷಣದಿಂದ ನಮ್ಮ ದೀಪ ಪಟಪಟ ಬಡಿದುಕೊಳ್ಳುತ್ತಿತ್ತು. ಹುಲಿಗೆಮ್ಮ ಬಾಗಿಲಲ್ಲಿ ಇಣುಕಿ, "ಸುಗೂರಿ, ನಿನ್ನ ಗಂಡ ಇಳಿಯಾಕತ್ತಾನ ನೋಡವ್ವಾ, ನಮ್ಮನಿ ಕೋಳಿಮರಿನೂ ಹಿಂಗ ಅಂಜಂಗಿಲ್ಲ" ಎಂದು ಛೇಡಿಸುತ್ತಿದ್ದಳು.

"ಅಂಜಿದ್ರೂ ದಿನಾ ಇಳಿತಾನಲ್ಲ. ನಿನ್ನ ಗಂಡಗ ಅಂಜಿಕೀನ ಗೊತ್ತಿಲ್ಲ, ಅದರಾಗೇನು ದೊಡ್ಡಸ್ತಿಕಿ?" ಎನ್ನುತ್ತಿದ್ದಳು ಸುಗೂರಮ್ಮ. ಅವನು ಕೆಳಗೆ ಮುಟ್ಟಿ, ನಾಲ್ಕು ಜನರ ನಡುವೆ ಸೇರಿ, ದೀಪ ಒಂದು ಹದಕ್ಕೆ ಬಂದ ಮೇಲೆಯೇ ಅವಳು ರೊಟ್ಟಿ ತಟ್ಟಲು ಕೂರುತ್ತಿದ್ದಳು. ದೀಪ ಏರಿದಾಗ ಒಂದು ತಟ್ಟು, ಇಳಿದಾಗ ಒಂದು ತಟ್ಟು. ನನಗೆ ನಗು ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ನನಗಾಗಿ ಯಾರು ಹೀಗೆ ರೊಟ್ಟಿ ತಟ್ಟಿದ್ದಾರೆ?

ಗಣಿ ಕುಸಿದದ್ದು ಮಧ್ಯಾಹ್ನ, ಊಟದ ಹೊತ್ತು. ಕಂಟ್ರೋಲ್ ರೂಮಿನ ನೆಲ ಒಮ್ಮೆ ಅದುರಿತು, ಮೇಜಿನ ಮೇಲಿನ ಚಹಾ ಚೆಲ್ಲಿತು. ಆಮೇಲೆ ಪರದೆಯ ಮೇಲೆ ಬಣ್ಣಗಳು ಹುಚ್ಚೆದ್ದವು. ಸಂಜೆಯ ಬಿಸಿಲು ಇಳಿಯುವ ಮುಂಚೆ ಎಲ್ಲರೂ ಮೇಲೆ ಬಂದರು, ಇಬ್ಬರ ಹೊರತು. ಮೂಡಣ ಸುರಂಗದಲ್ಲಿ ಬ್ಯಾಟರಿ ಬದಲಿಸಲು ಹೋಗಿ ಅಲ್ಲೇ ಬುತ್ತಿ ಬಿಚ್ಚಿದ್ದ ನನ್ನ ಅಮರೇಶ. ಬಡಗಣ ಸುರಂಗದಲ್ಲಿ ಒಬ್ಬನೇ ಪಂಪು ನೋಡಿಕೊಳ್ಳುತ್ತಿದ್ದ ಮಾರೆಪ್ಪ.

ಬಂಡೆ ಕೊರೆಯುವ ಯಂತ್ರ ನಮ್ಮಲ್ಲಿ ಒಂದೇ. ಹೆಗ್ಗಣ ಎಂದು ಅದಕ್ಕೆ ಹೆಸರು. ಒಂದು ದಿಕ್ಕಿಗೆ ಹೊರಟರೆ ಒಬ್ಬನನ್ನು ಮುಟ್ಟಬಹುದು. ಅಲ್ಲಿಂದ ತಿರುಗಿ ಇನ್ನೊಬ್ಬನ ಹತ್ತಿರ ಹೋಗುವಷ್ಟರಲ್ಲಿ ಅವನ ಪಾಲಿನ ಗಾಳಿ ಮುಗಿದಿರುತ್ತದೆ. ಮ್ಯಾನೇಜರು ಪರದೆ ನೋಡಿದರು. ಮಾರೆಪ್ಪನ ಉಸಿರಿನ ಗೆರೆ ಕುಸಿತವಾದ ಸ್ವಲ್ಪ ಹೊತ್ತಿಗೆ ನಿಂತುಹೋಗಿತ್ತು. ಅಮರೇಶನ ಗೆರೆ ಏರಿಳಿಯುತ್ತ ನೆಟ್ಟಗೆ ಸಾಗಿತ್ತು. ಯೋಚನೆ ಮಾಡುವಂಥದ್ದು ಏನಿತ್ತು? ಹೆಗ್ಗಣ ಮೂಡಣಕ್ಕೆ ಹೊರಟಿತು. ನಾನು ದೇವರೇ ಎಂದು ಕೈಮುಗಿದೆ, ಮಾರೆಪ್ಪನ ನೆನಪೂ ಆಗಲಿಲ್ಲ. ಆಗಲಿಲ್ಲ ಎಂದರೆ ಆಗಲಿಲ್ಲ, ನನ್ನ ತಮ್ಮ ಅವನು.

ಗೇಟಿನ ಹೊರಗೆ ಕಾಲೊನಿಯೇ ಬಂದು ಕೂತಿತ್ತು. ಸುಗೂರಮ್ಮನಿಗೆ ಧೈರ್ಯ ಹೇಳಿ ಬರೋಣ ಎಂದು ಹೋದೆ. ಬೇವಿನ ಮರದ ಕೆಳಗೆ ಹುಲಿಗೆಮ್ಮ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಅವಳ ದೀಪ ಆರಿತ್ತು. ಕೈಯ ಬಳೆಗಳನ್ನು ಕಲ್ಲಿಗೆ ಚಚ್ಚಿ ಒಡೆದುಕೊಂಡಿದ್ದಳು, ನಾಲ್ಕು ಜನ ಹಿಡಿದರೂ ನಿಲ್ಲುತ್ತಿರಲಿಲ್ಲ. "ಬೀಡಿ ಸೇದಿದ್ರ ಸೇದಲಿ ಬಿಡ್ರೇ, ಇನ್ನ ಬೈಯಂಗಿಲ್ಲ ಅಂತ ಹೇಳ್ರೇ ಅವಗ!" ಎಂದು ಬೊಬ್ಬೆ ಇಡುತ್ತಿದ್ದಳು.

ಸುಗೂರಮ್ಮ ಅವಳಿಂದ ದೂರ, ಗೋಡೆಯ ಕಡೆಗೆ ಮುಖ ಮಾಡಿ ಕೂತಿದ್ದಳು. ಮಡಿಲಲ್ಲಿ ಉರಿಯುವ ದೀಪ. ಅಳುವವಳ ಎದುರು ತನ್ನ ದೀಪ ಕಾಣಬಾರದು ಎಂದು ಸೆರಗು ಮುಚ್ಚಿದ್ದಳು. ನನ್ನನ್ನು ಕಂಡು ಮೆಲ್ಲಗೆ ಸೆರಗು ಸರಿಸಿದಳು.

"ನೋಡಕ್ಕ, ಎಷ್ಟು ಆರಾಮ ಉಸಿರಾಡಾಕತ್ತಾನ. ಒಂದ ಸಲನೂ ದೀಪ ಬಡಕೊಂಡಿಲ್ಲ. ನನ್ನ ಗಂಡ ಅಂಜಬುರುಕ ಅಂತಿದ್ರಲ್ಲ ಎಲ್ಲಾರೂ? ಈಗ ನೋಡ್ರಿ ಅಂತ ಹೇಳಕ್ಕ ಅವರಿಗೆ."

ನಾನು ನೋಡಿದೆ. ದೀಪ ನಿಧಾನ ಏರುತ್ತಿತ್ತು, ನಿಧಾನ ಇಳಿಯುತ್ತಿತ್ತು. ಬುತ್ತಿ ಉಂಡು ಗೋಡೆಗೆ ಒರಗಿದಾಗ ಅವನ ಉಸಿರು ಹೀಗೇ ಇರುತ್ತಿತ್ತು, ಪರದೆಯ ಮೇಲೆ ದಿನವೂ ನೋಡಿದವಳು ನಾನು. ಕತ್ತಲಲ್ಲಿ, ಒಬ್ಬನೇ, ಮುಂದೆ ಹಿಂದೆ ಬಂಡೆ ಬಿದ್ದು ಮುಚ್ಚಿದ ಜಾಗದಲ್ಲಿ ನನ್ನ ಅಮರೇಶ ಹೀಗೆ ಉಸಿರಾಡುತ್ತಾನೆಯೇ? ಕಂಟ್ರೋಲ್ ರೂಮಿಗೆ ಓಡಿದೆ.

ಪ್ರಹ್ಲಾದ ಕಂಪ್ಯೂಟರಿನ ಎದುರು ತಲೆ ಹಿಡಿದು ಕೂತಿದ್ದ. "ಅಮರೇಶನ ಪೆಟ್ಟಿಗಿ ಕಡೀಗೆ ಮಾತಾಡಿದ್ದು ಯಾವಾಗ?" ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಅವನಿಗೆ ಆಗಲೇ ಗೊತ್ತಿತ್ತು. ನನ್ನೆದುರು ಬಾಯಿ ಬಿಡಲಾರದೆ ಕೂತಿದ್ದ.

"ಊಟಕ್ಕ ಕೂತಾಗ" ಎಂದ. "ಆಮ್ಯಾಲೆ ಮಾತಿಲ್ಲ. ಈ ಗೆರಿ ಕಂಪ್ಯೂಟರಿನ ಅಂದಾಜು, ತಾಯಮ್ಮ. ಪೆಟ್ಟಿಗೆ ಸುಮ್ಮನದ, ಅದಕ್ಕ ಕಂಪ್ಯೂಟರು ಎಲ್ಲ ಸರಿ ಅದ ಅಂದುಕೊಂಡದ."

"ಪೆಟ್ಟಿಗಿ ಜಜ್ಜಿ ಹೋಗಿದ್ರೂ ಸುಮ್ನ ಇರತೈತಿ. ಅವ ಕೂತಿದ್ದು ಅದರ ಬುಡಕ."

"ಇರ್ತದ. ಅಂವ ನಿಜವಾಗಿ ಆರಾಮಿದ್ರೂ ಸುಮ್ಮನ ಇರ್ತದ. ಎರಡಕ್ಕೂ ಇಲ್ಲಿಂದ ಫರಕ್ ಕಾಣಂಗಿಲ್ಲ. ನಾಳೆ ಮುಂಜಾನೆ ಪೆಟ್ಟಿಗೆ ‘ಇದ್ದೇನೆ’ ಅಂದ್ರ ಖರೆ ಗೊತ್ತಾಗ್ತದ. ಅಲ್ಲೀತನಕ ನಾ ಏನ ಹೇಳಲಿ? ಅಂವ ಇಲ್ಲ ಅಂತ ಯಾವ ಬಾಯಿಲೆ ಹೇಳಲಿ?"

"ಮಾರೆಪ್ಪಂದು?"

ಅವನು ಒಂದು ಗುಂಡಿ ಒತ್ತಿದ. ಮಾರೆಪ್ಪನ ಪೆಟ್ಟಿಗೆ ಸತ್ತಿರಲಿಲ್ಲ, ಗಲಾಟೆ ಪೆಟ್ಟಿಗೆ ಎಂದು ಕಂಪ್ಯೂಟರು ಅದರ ಮಾತಿಗೆ ಬಾಗಿಲು ಹಾಕಿತ್ತು. ಅದಕ್ಕೇ ಗೆರೆ ನಿಂತಿತ್ತು, ಹುಲಿಗೆಮ್ಮನ ದೀಪ ಆರಿತ್ತು. ಬಾಗಿಲು ತೆಗೆದ ಕೂಡಲೇ ಪರದೆಯ ಮೇಲೆ ಗೆರೆ ಚಿಮ್ಮಿತು. ಏದುಸಿರು. ಏರುತ್ತಿತ್ತು, ತಡವರಿಸುತ್ತಿತ್ತು, ನಿಂತು ಮತ್ತೆ ಒಮ್ಮೆಗೇ ಏರುತ್ತಿತ್ತು. ಯಾವ ಅಂದಾಜಿಗೂ ಸಿಗದ ಉಸಿರು, ಅದಕ್ಕೇ ಪೆಟ್ಟಿಗೆ ಪಾಪ ಬಿಡುವಿಲ್ಲದೆ ಕೂಗಿತ್ತು. ಅಂಜಿಕೆಯೇ ಗೊತ್ತಿಲ್ಲದ ಮಾರೆಪ್ಪ ಅಲ್ಲಿ ಜೀವ ಕೈಯಲ್ಲಿ ಹಿಡಿದು ಒದ್ದಾಡುತ್ತಿದ್ದ.

ಮ್ಯಾನೇಜರು ಬಂದರು, ನೋಡಿದರು, ಹಣೆ ಒರೆಸಿಕೊಂಡರು. ಪೆಟ್ಟಿಗೆಗೆ ನೀರು ಹೊಕ್ಕು ಹೀಗೆ ಹಾರಾಡುತ್ತಿರಬಹುದು ಎಂದರು. ನೆಟ್ಟಗೆ ಉಸಿರಾಡುವವನನ್ನು ಬಿಟ್ಟು ಇದನ್ನು ನಂಬಿ ಹೋಗುವುದು ಹೇಗೆ ಎಂದರು. ಬೆಳಗಿನವರೆಗೆ ಕಾದರೆ ನಿಜ ಗೊತ್ತಾಗುತ್ತದೆಯಲ್ಲ ಎಂದೂ ಅಂದರು. ಬೆಳಗಿನವರೆಗೆ ಕಾದರೆ ಮಾರೆಪ್ಪ ಇರುವುದಿಲ್ಲ ಎಂದು ಪ್ರಹ್ಲಾದ ಹೇಳಿದ. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು.

ನನಗೆ ಬಾಯಿ ಬಿಡುವ ಮನಸ್ಸಿರಲಿಲ್ಲ. ಬಾಯಿ ಜೋರಿನವಳು ನಾನು, ಅವತ್ತು ಮೂಕಳಾಗಿದ್ದರೆ ಏನಾಗುತ್ತಿತ್ತು? ಹೆಗ್ಗಣ ನನ್ನ ತಮ್ಮನ ಕಡೆಗೇ ಕೊರೆಯುತ್ತಿತ್ತು. ಪ್ರಹ್ಲಾದ ಹೇಳಿದ ಹಾಗೆ ಅವನು ನಿಜವಾಗಿಯೂ ಅಲ್ಲಿ ಒರಗಿ ಕೂತಿದ್ದರೆ? ಜನ್ಮದಲ್ಲಿ ಒಂದು ಸಲ ಅವನಿಗೆ ಧೈರ್ಯ ಬಂದಿದ್ದರೆ? ನಾನು ಆ ಗೆರೆಯನ್ನು ದಿಟ್ಟಿಸಿದೆ. ಅಮರೇಶ, ಒಮ್ಮೆ ಅಂಜೋ, ಒಂದೇ ಒಂದು ಸಲ ಬೆಚ್ಚಿಬೀಳೋ, ನಿನ್ನ ಕಾಲು ಹಿಡಿಯುತ್ತೇನೆ ಎಂದು ಮನಸ್ಸಿನಲ್ಲೇ ಗೋಗರೆದೆ. ಗೆರೆ ಅದೇ ಹದದಲ್ಲಿ ಏರಿತು, ಅದೇ ಹದದಲ್ಲಿ ಇಳಿಯಿತು.

"ನನ್ನ ತಮ್ಮ ಪುಕ್ಕಲ ಅದಾನ್ರಿ" ಎಂದೆ. "ಕತ್ತಲದಾಗ ಅವ ಹಿಂಗ ಉಸಿರಾಡಂಗಿಲ್ಲ. ಬದುಕಿದ್ರ ಇದು ಹಿಂಗ ಇರಂಗಿಲ್ಲ. ಅವ ಇಲ್ರಿ. ಮಷೀನ್ ತಿರುಗಿಸ್ರಿ."

"ಖಾತ್ರಿ ಅದಯೇನ್ರಿ?" ಎಂದರು ಮ್ಯಾನೇಜರು.

"ಹೇಳಾಕತ್ತೀನಲ್ರಿ, ಇಲ್ಲ ಅಂತ! ಎಷ್ಟು ಸಲ ಹೇಳಸ್ತೀರಿ ನನ್ನ ಬಾಯಿಲೆ?"

ಹೆಗ್ಗಣ ಬಡಗಣಕ್ಕೆ ತಿರುಗಿತು.

ನಡುರಾತ್ರಿಯ ಹೊತ್ತಿಗೆ ಮಾರೆಪ್ಪನನ್ನು ಮೇಲೆ ತಂದರು. ಮೈತುಂಬ ಕೆಸರು, ಉಗುರು ಕಿತ್ತು ರಕ್ತ, ಆದರೆ ಜೀವಂತ. ಹುಲಿಗೆಮ್ಮ ಗಾಯದ ಬರಿಗೈಗಳಿಂದ ಅವನ ಮುಖ ಸವರಿದಳು, ಹೊಡೆದಳು, ಅಪ್ಪಿಕೊಂಡಳು. ಆಮೇಲೆ ಬಂದು ನನ್ನ ಕಾಲಿಗೆ ಬಿದ್ದಳು. ಸುಳ್ಳೇಕೆ ಹೇಳಲಿ, ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಅವಳ ಗಂಡ ಬದುಕಿದ್ದಕ್ಕೆ ಸಿಟ್ಟು. "ಏಳು, ನಾಟಕ ಮಾಡಬ್ಯಾಡ" ಎಂದು ಗದರಿ ಕಾಲು ಬಿಡಿಸಿಕೊಂಡು ಮನೆಗೆ ನಡೆದೆ.

ಸುಗೂರಮ್ಮನಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ದೀಪ ಎದುರಿಗಿಟ್ಟುಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು.

"ಮಷೀನ್ ತಿರುಗಿಸ್ರಿ ಅಂದಾಕಿ ನೀನಂತ, ಖರೇನ?"

"ಖರೆ."

"ಇಲ್ಲಿ ನೋಡು. ಇದೇನಿದು? ಉರಿಯಾಕತ್ತಿಲ್ಲೇನು? ನಿನ್ನ ಕಣ್ಣಿಗೆ ಕಾಣವಲ್ದೇನು?" ದೀಪವನ್ನು ನನ್ನ ಮುಖಕ್ಕೆ ಹಿಡಿದಳು. "ಬೆನ್ನಿಗೆ ಬಿದ್ದಾವನ್ನ ಸತ್ತಾನ ಅನ್ನಾಕ ನಾಲಿಗಿ ಹೆಂಗ ಹೊಳ್ಳಿತು ನಿನಗ?"

ಅಂದಾಜು, ಪೆಟ್ಟಿಗೆ, ಕಟ್ಟಳೆ ಎಂದು ಏನೇನೋ ಹೇಳಿದೆ. ನನ್ನ ಕಿವಿಗೇ ಅವು ಹೊಲಸು ಮಾತುಗಳಾಗಿ ಕೇಳಿದವು. ಅವಳು ಪೂರ್ತಿ ಕೇಳಲೂ ಇಲ್ಲ. "ಮುಂಜಾನಿ ಪೆಟ್ಟಿಗಿ ಇದ್ದೀನಿ ಅಂತೈತಲ್ಲ? ಅನ್ನತೈತಿ. ಅವಾಗ ನಿನ್ನ ಜೋಡಿ ಮಾತಾಡ್ತೀನಿ" ಎಂದು ದೀಪದ ಮುಂದೆ ಕೂತುಬಿಟ್ಟಳು. ನಾನು ಹೊಸ್ತಿಲಲ್ಲಿ ಕೂತೆ. ನನಗೂ ಒಳಗೊಳಗೇ ಅದೇ ಆಸೆ. ನನ್ನ ಮಾತು ಸುಳ್ಳಾಗಲಿ, ಇಡೀ ಊರು ನನ್ನ ಮುಖಕ್ಕೆ ಉಗುಳಲಿ, ನಾಳೆ ಆ ಪೆಟ್ಟಿಗೆ ಒಮ್ಮೆ ಬಾಯಿ ಬಿಡಲಿ ಎಂದು ಬೇಡಿಕೊಂಡೆ.

ಬೆಳಕು ಹರಿದಾಗ ಸುಗೂರಮ್ಮ ಎದ್ದು ಒಲೆ ಹಚ್ಚಿದಳು. ಹಿಟ್ಟು ಕಲಸಿ ರೊಟ್ಟಿ ತಟ್ಟಲು ಕೂತಳು. ದೀಪ ಏರಿತು, ತಟ್ಟಿದಳು. ಇಳಿಯಿತು, ತಟ್ಟಿದಳು. ಬೆಳಗಿನ ಪಾಳಿಯ ಸೈರನ್ ಕೂಗಿತು. ಕೆಳಗೆ ಪೆಟ್ಟಿಗೆಗಳೆಲ್ಲ ಒಂದೊಂದಾಗಿ ‘ಇದ್ದೇನೆ’ ಎಂದು ಹೇಳುವ ಹೊತ್ತು. ದೀಪ ಒಮ್ಮೆ ಏರಿತು, ಇಳಿಯಿತು, ಮತ್ತೆ ಏರಲಿಲ್ಲ.

ಅವಳು ಎತ್ತಿದ ಕೈ ಎತ್ತಿದಂತೆಯೇ ಕಾದಳು. ಹೆಂಚಿನ ಮೇಲಿನ ರೊಟ್ಟಿ ಸೀದು ಹೊಗೆ ತುಂಬಿತು. ನಾನೇ ಹೋಗಿ ಒಲೆ ಆರಿಸಿದೆ. ಪಕ್ಕದಲ್ಲಿ ಕೂತು ಅವಳ ಹಿಟ್ಟಿನ ಕೈ ಹಿಡಿದೆ. ಅವಳು ಬಿಡಿಸಿಕೊಳ್ಳಲಿಲ್ಲ. ಬಹಳ ಹೊತ್ತಿನ ಮೇಲೆ, ಬೈಯುವ ದನಿಯಲ್ಲಲ್ಲ, ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು.

"ಬಾಳ ಅಂಜಿದ್ನೇನಕ್ಕ?"

"ಇಲ್ಲವ್ವ" ಎಂದೆ. ಇದೊಂದನ್ನು ನಾನು ಆಣೆ ಮಾಡಿ ಹೇಳಬಲ್ಲೆ. "ಒಂಚೂರು ಅಂಜಿದ್ರೂ ಪೆಟ್ಟಿಗಿ ಹೇಳತಿತ್ತು. ಅದು ಒಂದ ಮಾತು ಆಡಿಲ್ಲ. ಉಂಡು ಆರಾಮ ಕೂತಿದ್ದ, ಹಂಗ ಹೋಗ್ಯಾನ. ಅಂಜಾಕ ಅವಗ ಹೊತ್ತ ಸಿಕ್ಕಿಲ್ಲ."

ಅವಳ ಎದೆ ಹಗುರಾದೀತು ಎಂದುಕೊಂಡೆ. ರಾತ್ರಿಯೆಲ್ಲ ನನ್ನ ಹತ್ತಿರ ಉಳಿದಿದ್ದ ಸಮಾಧಾನ ಅದೊಂದೇ. ಸುಗೂರಮ್ಮ ಅದನ್ನು ಕೇಳಿಸಿಕೊಂಡು ತಲೆ ಆಡಿಸಿದಳು.

"ಹಂಗಾದ್ರ ನನ್ನ ನೆನಸಾಕೂ ಹೊತ್ತ ಸಿಕ್ಕಿಲ್ಲಲ್ಲಕ್ಕ ಅವಗ" ಎಂದು ನನ್ನ ಮಡಿಲಿಗೆ ಬಿದ್ದಳು.

ನಾನು ಅವಳ ತಲೆ ನೇವರಿಸುತ್ತ ಕೂತೆ.